ಟಿಪ್ಪುವಿನ ರಾಕೆಟ್ ಗೊತ್ತು, ಕಾವಲು ಗೊತ್ತಿಲ್ಲ

ಟಿಪ್ಪು ಸುಲ್ತಾನನ ಹೆಸರಲ್ಲಿ ಜಗಳ ಆಡೋಕೆ ನಮಗೆ ವಿಷಯದ ಕೊರತೆ ಬಿದ್ದದ್ದೇ ಇಲ್ಲ. 2015ರಲ್ಲಿ ಒಂದು ಸರ್ಕಾರ ಅವನ ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಖಡ್ಗ, ಹುಲಿ, ಮೇಲುಕೋಟೆ, ಕೊಡಗು, ಶೃಂಗೇರಿ ಮಠಕ್ಕೆ ಬರೆದ ಪತ್ರಗಳು ಎಲ್ಲವೂ ವರ್ಷಕ್ಕೊಮ್ಮೆ ಚರ್ಚೆಗೆ ಬಂದು ಹೋಗುತ್ತವೆ. ನನ್ನ ಹಾಗೆ ಎಂಜಿನಿಯರಿಂಗ್ ಓದಿದವರಿಗಾದರೆ ರಾಕೆಟ್. ನಾಸಾದ ವಾಲಪ್ಸ್ ಕೇಂದ್ರದಲ್ಲಿ ಮೈಸೂರು ಸೈನ್ಯದ ರಾಕೆಟ್ ಚಿತ್ರ ನೋಡಿದ್ದನ್ನು ಅಬ್ದುಲ್ ಕಲಾಂ ಆತ್ಮಕತೆಯಲ್ಲಿ ಬರೆದ ಮೇಲಂತೂ ಕಾಲೇಜು ಸೆಮಿನಾರುಗಳಲ್ಲಿ ಆ ಸ್ಲೈಡ್ ತಪ್ಪಿದ್ದೇ ಇಲ್ಲ. ಅದೇ ಸೈನ್ಯದ ಫಿರಂಗಿಗಳನ್ನು ಎಳೆದದ್ದು ಯಾವುದು, ಅದಕ್ಕೆ ಮೇವು ಎಲ್ಲಿಂದ ಬರುತ್ತಿತ್ತು ಅನ್ನುವ ಸ್ಲೈಡನ್ನು ಮಾತ್ರ ನಾನು ಇವತ್ತಿನವರೆಗೂ ನೋಡಿಲ್ಲ.

ಎಳೆದದ್ದು ಎತ್ತು. ಹದಿನೆಂಟನೇ ಶತಮಾನದಲ್ಲಿ ಯಾವ ಸೈನ್ಯವೂ ತನ್ನ ಎತ್ತಿಗಿಂತ ವೇಗವಾಗಿ ಹೋಗುವಂತಿರಲಿಲ್ಲ. ಕುದುರೆ ಮುಂದೆ ಓಡಬಹುದು, ಆದರೆ ಫಿರಂಗಿ, ಮದ್ದುಗುಂಡು, ಅಕ್ಕಿ, ಡೇರೆ ಎಲ್ಲ ಬರುವುದು ಎತ್ತಿನ ನಡಿಗೆಯಲ್ಲೇ. ಟಿಪ್ಪುವಿನ ಬದುಕನ್ನು ಈ ಕಡೆಯಿಂದ ಓದಿದರೆ ಅವನೊಬ್ಬ ದೊಡ್ಡ ದನಗಾರ. ಇವತ್ತು ನಾವು ರ‍್ಯಾಂಚ್ ಅಂತ ಕರೆಯುವಂಥದ್ದನ್ನು ಸರ್ಕಾರಿ ಇಲಾಖೆಯಾಗಿ ನಡೆಸಿದವನು.

ಮೈಸೂರಿನ ದಕ್ಷಿಣಕ್ಕೆ, ಅಂದರೆ ನಂಜನಗೂಡು, ತಿ. ನರಸೀಪುರದ ಕಡೆಗೆ ಬಂದರೆ ಟಿಪ್ಪುವಿನ ನೆನಪು ಇನ್ನೂ ಒಂದು ಪ್ರಾಣಿಗೆ ಅಂಟಿಕೊಂಡೇ ಇದೆ. ಅವನ ಆನೆಗೆ ಕಣ್ಣು ಹೋಗಿತ್ತು, ನಂಜುಂಡೇಶ್ವರನಿಗೆ ಹರಕೆ ಹೊತ್ತ ಮೇಲೆ ವಾಸಿಯಾಯಿತು, ಅದಕ್ಕೇ ಸುಲ್ತಾನ ಪಚ್ಚೆ ಲಿಂಗ ಕೊಟ್ಟು ದೇವರನ್ನು ಹಕೀಮ್ ನಂಜುಂಡ ಅಂತ ಕರೆದ ಅನ್ನುವುದು ನಂಜನಗೂಡಿನ ಪ್ರತೀತಿ. ಅಲ್ಲಿಂದ ಮುಂದೆ ಬದನವಾಳು. ಊರಿನ ಹೆಸರು ಕೇಳಿದರೆ ಓದುಗರಿಗೆ ಖಾದಿ ಕೇಂದ್ರ, ಗಾಂಧಿ ಬಂದುಹೋದದ್ದು, 1993ರ ದಲಿತರ ಕೊಲೆಗಳು, 2015ರಲ್ಲಿ ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿಗಾಗಿ ನಡೆಸಿದ ಸತ್ಯಾಗ್ರಹ ನೆನಪಾಗಬಹುದು. ರೈತರ ಕೊಟ್ಟಿಗೆ ನೆನಪಾಗುವುದಿಲ್ಲ. ಈ ಸೀಮೆಯ ಹೊಲಗಳಲ್ಲಿ ಟ್ರ್ಯಾಕ್ಟರ್ ಬರುವವರೆಗೂ ನೇಗಿಲು ಎಳೆದದ್ದು ಹಳ್ಳಿಕಾರ್ ಎತ್ತು. ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಉದ್ದ ಕೊಂಬು, ಬಿರುಸಿನ ನಡಿಗೆ. ಟಿಪ್ಪುವಿನ ಫಿರಂಗಿ ಎಳೆದದ್ದೂ ಇದೇ ರಕ್ತ.

ಈ ದನದ ಇಲಾಖೆ ಟಿಪ್ಪು ಕಟ್ಟಿದ್ದಲ್ಲ, ಅವನಿಗೆ ಬಂದದ್ದು. ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿದ್ದ ಕಾಲಕ್ಕೇ ಅದರ ಬೇರು ಹೋಗುತ್ತದೆ. ಒಡೆಯರು ಹುಲ್ಲುಗಾವಲುಗಳನ್ನು ಗುರುತಿಸಿ ಕಾವಲು ಅಂತ ಬಿಟ್ಟರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದು ಬೆಣ್ಣೆ ಚಾವಡಿಯಾಯಿತು. ಹೆಸರೇ ಹೇಳುವಂತೆ ಅರಮನೆಗೆ ಹಾಲು, ಬೆಣ್ಣೆ ಒದಗಿಸುವುದು ಅದರ ಕೆಲಸ. ಹೈದರಾಲಿಗೆ ಬೆಣ್ಣೆಗಿಂತ ಎತ್ತಿನ ಮೇಲೆ ಕಣ್ಣು ಹೆಚ್ಚು. ಪಾಳೇಗಾರರನ್ನು ಸೋಲಿಸಿದ ಕಡೆಯೆಲ್ಲ ಅವರ ಹಿಂಡುಗಳನ್ನೂ ಹೊಡೆದುಕೊಂಡು ಬಂದ. ಚಿದಂಬರದ ರಕ್ಷಣೆಗೆ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದಲೇ ಅಂತ ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ.

1750ರ ನವೆಂಬರ್‌ನಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಬೆಳೆದದ್ದೇ ಇಂಥ ನಡೆಯುವ ಸೈನ್ಯದ ಜೊತೆ. 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಹತ್ತಿರ ಹೈದರ್ ಸತ್ತಾಗ ಮಗ ಮಲಬಾರಿನ ಕಡೆ ಇದ್ದ. ಅಲ್ಲಿಂದ ಓಡಿಬಂದು ಅಧಿಕಾರ ಹಿಡಿದು ಉಸಿರು ಬಿಡುವಷ್ಟರಲ್ಲಿ, ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಘಟ್ಟ ಹತ್ತಿ ಬಿದನೂರು ಹಿಡಿದಿದ್ದ. ಟಿಪ್ಪು ಪೂರ್ವ ಕರಾವಳಿಯ ಕಡೆಯಿಂದ ಪಶ್ಚಿಮ ಘಟ್ಟದವರೆಗೆ ಫಿರಂಗಿ ಸಮೇತ ಒಂದೇ ತಿಂಗಳಲ್ಲಿ ಬಂದು ನಿಂತ. ಮ್ಯಾಥ್ಯೂಸ್ ಶರಣಾದ. ಶತ್ರು ಅಂದಾಜಿಸಿದ್ದಕ್ಕಿಂತ ಬೇಗ ಬಂದುಬಿಡುವುದು ಮೈಸೂರು ಸೈನ್ಯದ ಅರ್ಧ ಗೆಲುವು.

ಆಮೇಲೆ ಅವನು ಮಾಡಿದ್ದು ನನಗೆ ಯುದ್ಧಗಳಿಗಿಂತ ಮುಖ್ಯ ಅನ್ನಿಸುತ್ತದೆ. ಬೆಣ್ಣೆ ಚಾವಡಿಗೆ ಅಮೃತ್ ಮಹಲ್ ಅಂತ ಹೆಸರಿಟ್ಟ. ಹಾಗಲವಾಡಿ ಪಾಳೇಗಾರರ ಹಿಂಡನ್ನು ಸೇರಿಸಿದ. ಇಲಾಖೆ ಹೇಗೆ ನಡೆಯಬೇಕು ಅಂತ ಹುಕುಂನಾಮೆ ಹೊರಡಿಸಿದ. ವರ್ಷಕ್ಕೊಮ್ಮೆ ಹಿಂಡಿನ ಎಣಿಕೆ ನಡೆಯುವಾಗ ಕೆಲವಕ್ಕೆ ತಾನೇ ಹೋಗಿ ನಿಲ್ಲುತ್ತಿದ್ದ, ಚೆನ್ನಾಗಿ ಸಾಕಿದವರಿಗೆ ಇನಾಮು ಕೊಡುತ್ತಿದ್ದ. ಕಾಗದದ ಮೇಲೆ ಎಲ್ಲವನ್ನೂ ನಿಯಮ ಮಾಡುವ ಹುಚ್ಚು ಅವನಿಗೆ ಜಾಸ್ತಿಯೇ ಇತ್ತು, ಪಂಚಾಂಗ, ತೂಕ, ಅಳತೆ ಎಲ್ಲದಕ್ಕೂ ಕೈ ಹಾಕಿದವನು. ಬಹಳಷ್ಟು ಅವನ ಜೊತೆಗೇ ಹೋಯಿತು. ದನದ ನಿಯಮಗಳನ್ನು ಮಾತ್ರ ಅವನನ್ನು ಕೊಂದವರೂ ಮುಂದುವರಿಸಿಕೊಂಡು ಹೋದರು.

ಅದರ ಮರ್ಮ ಇರುವುದು ಕಾವಲಿನಲ್ಲಿ. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಮೂರು ಬಗೆ. ಕೆರೆಯಂಗಳ, ನೀರು, ನೆರಳು ಇರುವ ಜಾಗ ಬೇಸಿಗೆಗೆ ಮೀಸಲು. ಹಿಂಡು ಋತುವಿಗೆ ತಕ್ಕಂತೆ ಒಂದರಿಂದ ಒಂದಕ್ಕೆ ನಡೆಯುತ್ತದೆ, ಬಿಟ್ಟುಬಂದ ಕಡೆ ಹುಲ್ಲು ಮತ್ತೆ ಚಿಗುರುತ್ತದೆ, ಅಷ್ಟರಲ್ಲಿ ಬೇರೆಯವರು ನುಗ್ಗದಂತೆ ಕಾವಲುಗಾರ. ಇವತ್ತು ಅಮೆರಿಕ, ಆಸ್ಟ್ರೇಲಿಯಾದ ರ‍್ಯಾಂಚ್‌ಗಳಿಗೆ ಸಲಹೆಗಾರರು ದುಡ್ಡು ತಗೊಂಡು ಹೇಳಿಕೊಡುವ ಸರದಿ ಮೇಯಿಸುವಿಕೆ ಇದಕ್ಕಿಂತ ಬಹಳ ಬೇರೆಯೇನಲ್ಲ. ಕೊಟ್ಟಿಗೆ ಇಲ್ಲ, ಹಿಂಡಿ ಬೂಸಾ ಇಲ್ಲ. ದನಗಳು ಅರೆಕಾಡು ಪ್ರಾಣಿಗಳಂತೆ ಬೆಳೆಯುತ್ತಿದ್ದವು. ಹೋರಿಗರುಗಳನ್ನು ಹಿಡಿಯುವ ಪದ್ಧತಿಯನ್ನು ಮುಂದೆ ಬ್ರಿಟಿಷ್ ಅಧಿಕಾರಿಗಳು ಬರೆದಿಟ್ಟಿದ್ದಾರೆ. ಹಿಂಡನ್ನು ದೊಡ್ಡ ದೊಡ್ಡಿಗೆ ಅಟ್ಟುವುದು, ಕೊಂಬಿಗೆ ಕುಣಿಕೆ ಎಸೆಯುವುದು, ಪಳಗಿದ ಎತ್ತಿಗೆ ಜೋಡಿಸಿ ಕಟ್ಟಿ ತಿಂಗಳುಗಟ್ಟಲೆ ಪಳಗಿಸುವುದು. ಟೋಪಿ, ಕುದುರೆ ಇಲ್ಲ ಅನ್ನುವುದು ಬಿಟ್ಟರೆ ನಾವು ಸಿನಿಮಾದಲ್ಲಿ ನೋಡಿದ ಕೌಬಾಯ್ ಕೆಲಸವೇ. ಮಾಡುತ್ತಿದ್ದವರು ನಮ್ಮ ಗೊಲ್ಲರು, ದನಗಾಹಿಗಳು. ಅವರಲ್ಲಿ ಒಬ್ಬನ ಹೆಸರೂ ಇತಿಹಾಸದ ಪುಸ್ತಕಕ್ಕೆ ಹತ್ತಲಿಲ್ಲ.

ಈ ವ್ಯವಸ್ಥೆಯ ಬೆಲೆ ಗೊತ್ತಾದದ್ದು ಮೂರನೇ ಮೈಸೂರು ಯುದ್ಧದಲ್ಲಿ. 1790ರಲ್ಲಿ ಟಿಪ್ಪು ಈ ಸೀಮೆಯ ದಕ್ಷಿಣಕ್ಕಿರುವ ಗಜ್ಜಲಹಟ್ಟಿ ಘಾಟಿ ಇಳಿದು ಕೊಯಮತ್ತೂರಿನ ಬಯಲಲ್ಲಿದ್ದ ಇಂಗ್ಲಿಷರ ಮೇಲೆ ಬಿದ್ದ. ಆ ಯುದ್ಧದಲ್ಲಿ ಜನರಲ್ ಮೆಡೋಸ್‌ನ ಸೈನ್ಯದ ಮುಂದೆ ಎರಡು ದಿನದಲ್ಲಿ 63 ಮೈಲಿ ನಡೆದುಬಿಟ್ಟ. ಮುಂದಿನ ವರ್ಷ ಕಾರ್ನ್‌ವಾಲಿಸ್ ತಾನೇ ಬಂದ. ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾದ ಅದೇ ಕಾರ್ನ್‌ವಾಲಿಸ್. ಬೆಂಗಳೂರು ಹಿಡಿದು, 1791ರ ಮೇ ತಿಂಗಳಲ್ಲಿ ಅರಕೆರೆಯ ಹತ್ತಿರ ಟಿಪ್ಪುವನ್ನು ಹಿಮ್ಮೆಟ್ಟಿಸಿ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದಿದ್ದ. ಆದರೆ ದಾರಿಯುದ್ದದ ಮೇವನ್ನು ಟಿಪ್ಪು ಮೊದಲೇ ಸುಡಿಸಿದ್ದ. ಮಳೆ, ರೋಗ, ಹಸಿವಿಗೆ ಕಂಪನಿಯ ಎತ್ತುಗಳು ಸಾವಿರಗಟ್ಟಲೆ ಸತ್ತವು. ಎಳೆಯುವವರೇ ಇಲ್ಲದ ಮೇಲೆ ಕೋಟೆ ಒಡೆಯುವ ಫಿರಂಗಿ ಯಾಕೆ? ಕನ್ನಂಬಾಡಿಯ ಹತ್ತಿರ ಅವನ್ನೆಲ್ಲ ತಾನೇ ಒಡೆಸಿಹಾಕಿ ಕಾರ್ನ್‌ವಾಲಿಸ್ ಹಿಂದಿರುಗಿದ. ಗೆದ್ದ ಯುದ್ಧವನ್ನು ಎತ್ತಿಲ್ಲದೆ ಬಿಟ್ಟುಹೋದ ಕತೆ ಇದು. ಮೇವು ಸುಟ್ಟದ್ದು ಯಾರದ್ದು ಅಂತಲೂ ಕೇಳಬೇಕು. ಅದು ಮೈಸೂರಿನ ರೈತರದ್ದೇ. ಕೊಡಗು, ಮಲಬಾರಿನಲ್ಲಿ ಈ ಸೈನ್ಯ ಮಾಡಿದ್ದನ್ನು ಮರೆತು ದನದ ಲೆಕ್ಕ ಮಾತ್ರ ಹೊಗಳುವುದು ನನ್ನ ಉದ್ದೇಶವಲ್ಲ. ಅಮೃತ್ ಮಹಲ್ ಇದ್ದದ್ದು ಯುದ್ಧಕ್ಕೆ.

ಕಾರ್ನ್‌ವಾಲಿಸ್ ಪಾಠ ಕಲಿತ. ಬಂಜಾರರ ಎತ್ತುಗಳನ್ನು ದೊಡ್ಡ ಸಂಖ್ಯೆಯಲ್ಲಿ ಹೊಂದಿಸಿಕೊಂಡು 1792ರ ಫೆಬ್ರವರಿಯಲ್ಲಿ ಮತ್ತೆ ಬಂದ. ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳನ್ನು ಒತ್ತೆ ಕೊಡಬೇಕಾಯಿತು. 1799ರ ಮೇ 4ರಂದು ಕೋಟೆಯ ಗೋಡೆಯ ಹತ್ತಿರವೇ ಸತ್ತ. ಆಗ ಅವನಿಗೆ 48.

ಅವನ ಖಡ್ಗ, ಸಿಂಹಾಸನದ ಚೂರುಗಳು ಲಂಡನ್ನಿಗೆ ಹೋದವು. ಹಿಂಡು ಕಂಪನಿಯ ಕೈಗೆ ಬಂತು. ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ವೆಲಿಂಗ್ಟನ್ ಆದವನು, ಧೋಂಡಿಯಾ ವಾಘ್‌ನನ್ನು ಅಟ್ಟಿಸಿಕೊಂಡು ಹೋದದ್ದು ಇವುಗಳನ್ನು ಕಟ್ಟಿಕೊಂಡೇ. ಸ್ಪೇನ್, ಪೋರ್ಚುಗಲ್ಲಿನಲ್ಲಿ ನೆಪೋಲಿಯನ್ನನ ಸೈನ್ಯದ ವಿರುದ್ಧ ಹೋರಾಡುವಾಗ ಮೈಸೂರಿನ ಎತ್ತುಗಳು ಇಲ್ಲವಲ್ಲ ಅಂತ ಹಲುಬಿದ. ಆದರೂ ಇಲ್ಲಿ ನಿರ್ವಹಣೆ ಹಾಳಾಯಿತು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ಅನ್ನುವವನಿಗೆ ವಹಿಸಿದ ಮೇಲೆ ಹಿಂಡು ಮತ್ತೆ ಬೆಳೆಯಿತು. 1860ರಲ್ಲಿ ಮದ್ರಾಸ್ ಗವರ್ನರ್ ಟ್ರೆವೆಲ್ಯನ್ ಖರ್ಚು ಉಳಿಸಲು ಇಡೀ ಇಲಾಖೆಯನ್ನೇ ಮುಚ್ಚಿಸಿ ದನಗಳನ್ನು ಮಾರಿಸಿದ. ಕೊಂಡವರಲ್ಲಿ ಈಜಿಪ್ಟಿನ ಪಾಷಾನೂ ಒಬ್ಬ. ತಪ್ಪು ಗೊತ್ತಾಗಿ ಆರೇ ವರ್ಷದಲ್ಲಿ ಮತ್ತೆ ಶುರು ಮಾಡಬೇಕಾಯಿತು.

ಅತ್ತ ಅಮೆರಿಕದಲ್ಲಿ ಅದೇ 1860ರ ದಶಕದಲ್ಲಿ ಟೆಕ್ಸಾಸಿನ ಹಿಂಡುಗಳನ್ನು ಕಾನ್ಸಾಸಿನ ರೈಲು ನಿಲ್ದಾಣಗಳಿಗೆ ಹೊಡೆದುಕೊಂಡು ಹೋಗುವ ವ್ಯಾಪಾರ ಶುರುವಾಯಿತು. ನಮ್ಮ ಕಾವಲು ಕಾಲಿಗಾಗಿ ದನ ಸಾಕಿತು, ಅವರು ಮಾಂಸಕ್ಕಾಗಿ. ಆದರೆ ಯುರೋಪಿನ ತಳಿಗಳು ಅಮೆರಿಕದ ದಕ್ಷಿಣದ ಸಂಸ್ಥಾನಗಳ ಸೆಖೆಗೆ, ಉಣ್ಣೆಗೆ ತಡೆಯಲಿಲ್ಲ. ಆಗ ಬೇಕಾದದ್ದು ಇಂಡಿಯಾದ ಡುಬ್ಬದ ದನ. 1924ರಲ್ಲಿ ತಳಿಗಾರರ ಸಂಘ ಕಟ್ಟಿಕೊಂಡು, ಈ ಮಿಶ್ರ ತಳಿಗೆ ಅವರಿಟ್ಟ ಹೆಸರು ಬ್ರಾಹ್ಮನ್! ಗಿರ್, ಗುಜರಾತಿನ ಕಾಂಕ್ರೇಜ್, ನೆಲ್ಲೂರಿನ ಒಂಗೋಲ್ ಜೊತೆಗೆ ನಮ್ಮ ಬೆಳಗಾವಿ, ವಿಜಯಪುರ ಕಡೆಯ ಕೃಷ್ಣಾ ಕಣಿವೆ ತಳಿಯ ರಕ್ತವೂ ಅದರಲ್ಲಿದೆ. ಬ್ರೆಜಿಲಿನ ಹುಲ್ಲುಗಾವಲು ತುಂಬಿರುವುದು ನೆಲ್ಲೂರಿನ ಹೆಸರಿನ ದನ. ಜಗತ್ತಿನ ಬಿಸಿ ದೇಶಗಳ ಗೋಮಾಂಸ ಉದ್ಯಮ ನಿಂತಿರುವುದು ನಮ್ಮ ದನಗಳ ಮೇಲೆ. ಕೃಷ್ಣಾ ಕಣಿವೆ ತಳಿ ಮಾತ್ರ ಇಲ್ಲಿ ಅಳಿವಿನಂಚಿಗೆ ಬಂದಿದೆ.

ರ‍್ಯಾಂಚ್ ಆಗಲಿ, ಅಮೃತ್ ಮಹಲ್ ಆಗಲಿ, ಒಂದು ಕೆಲಸ ಮಾಡದೆ ನಡೆದಿಲ್ಲ. ಅದು ಕೈಲಾಗದ ದನವನ್ನು ಪ್ರತಿ ವರ್ಷ ಹಿಂಡಿನಿಂದ ಬೇರೆ ಮಾಡಿ ಮಾರುವುದು. ಹುಲ್ಲು ಇರುವಷ್ಟಕ್ಕೇ ಹಿಂಡು. ತಿ. ನರಸೀಪುರ ತಾಲ್ಲೂಕಿನ ಮುಡುಕುತೊರೆ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋಗುವ ರೈತನಿಗೂ ಈ ಲೆಕ್ಕ ಗೊತ್ತು. 1964ರ ಕಾನೂನಿನಲ್ಲಿ 12 ವರ್ಷ ದಾಟಿದ ಎತ್ತನ್ನು ಕಸಾಯಿಖಾನೆಗೆ ಮಾರಲು ದಾರಿ ಇತ್ತು. 2020ರ ಕಾನೂನು ಆ ದಾರಿ ಮುಚ್ಚಿತು, 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ವಿನಾಯಿತಿ. ಉಲ್ಲಂಘಿಸಿದರೆ ಮೂರರಿಂದ ಏಳು ವರ್ಷ ಜೈಲು. ಮುದಿ ಎತ್ತಿನ ಮೇವಿನ ಖರ್ಚು ಯಾರು ಕೊಡಬೇಕು ಅನ್ನುವುದನ್ನು ಆ ಕಾನೂನು ರೈತನ ತಲೆಗೇ ಬಿಟ್ಟಿದೆ. ಹೀಗಾದರೆ ಮುಂದಿನ ಜೋಡಿ ಕೊಳ್ಳುವ ಬದಲು ಟಿಲ್ಲರ್ ಬಾಡಿಗೆಗೆ ತರುವುದೇ ಸಲೀಸು ಅಂತ ಬದನವಾಳಿನ ರೈತ ಅಂದುಕೊಂಡರೆ ತಪ್ಪು ಹೇಳುವುದು ಹೇಗೆ?

ಇನ್ನು ಹುಲ್ಲು. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆ ದಾಟಿದ್ದ ಅಮೃತ್ ಮಹಲ್ ಕಾವಲು ಸ್ವಾತಂತ್ರ್ಯದ ನಂತರ ಸಾಗುವಳಿಗೆ, ನೆಡುತೋಪಿಗೆ, ಕೈಗಾರಿಕೆಗೆ ಕರಗುತ್ತಾ ಬಂತು. ಚಳ್ಳಕೆರೆಯ ಹತ್ತಿರ ಕುದಾಪುರ, ವರವು ಕಾವಲಿನಂಥ ಕಡೆ ಸಾವಿರಾರು ಎಕರೆಯನ್ನು ರಕ್ಷಣಾ ಸಂಶೋಧನೆಗೆ, ಅಣುಶಕ್ತಿ ಕೇಂದ್ರಕ್ಕೆ, ಭಾರತೀಯ ವಿಜ್ಞಾನ ಸಂಸ್ಥೆಗೆ, ಇಸ್ರೊಗೆ ಕೊಡಲಾಯಿತು. ಕುರಿ ದನ ಮೇಯಿಸುತ್ತಿದ್ದ ಸುತ್ತಲಿನ ಹಳ್ಳಿಯವರು ಪ್ರತಿಭಟಿಸಿದರು, ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಗೋಡೆ ಎದ್ದಿದೆ. ಅಜ್ಜಂಪುರದ ಸರ್ಕಾರಿ ತಳಿ ಕೇಂದ್ರದವರು ಉಳಿದ ಹಿಂಡನ್ನು ಉಳಿದ ಕಾವಲುಗಳಲ್ಲಿ ಇನ್ನೂ ಮೇಯಿಸುತ್ತಿದ್ದಾರೆ.