ಹರ್ಮನ್ ಮೋಗ್ಲಿಂಗ್

ಹರ್ಮನ್ ಫ್ರೆಡ್ರಿಕ್ ಮೋಗ್ಲಿಂಗ್ (29 ಮೇ 1811 – 10 ಮೇ 1881) ಜರ್ಮನಿಯಿಂದ ಬಂದು ಕನ್ನಡ ನಾಡಿನಲ್ಲಿ ನೆಲೆಸಿದ ಬಾಸೆಲ್ ಮಿಷನ್ನಿನ ಪಾದ್ರಿ, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ದ ಸಂಪಾದಕ ಹಾಗೂ ಹಲವು ಹಳೆಯ ಕನ್ನಡ ಕೃತಿಗಳನ್ನು ಮೊದಲ ಬಾರಿಗೆ ಅಚ್ಚಿಗೆ ತಂದ ವಿದ್ವಾಂಸ. ಪತ್ರಿಕೋದ್ಯಮದ ಚರಿತ್ರೆಯಲ್ಲಿ ಅವರ ಹೆಸರು ಸುಪರಿಚಿತ. ಅವರನ್ನು ಇಲ್ಲಿಗೆ ಕರೆತಂದ ಧಾರ್ಮಿಕ ನಂಬಿಕೆ ಅಷ್ಟಾಗಿ ಪರಿಚಿತವಲ್ಲ. ಬೈಬಲ್ ದೇವರ ವಾಕ್ಯ, ಅದರ ಮಾತು ತಪ್ಪಲಾರದು ಎಂದು ನಂಬಿದ ಭಕ್ತವರ್ಗದಿಂದ ಬಂದ ಅವರು, ಅದೇ ನಂಬಿಕೆಯನ್ನು ಯುರೋಪಿನಲ್ಲಿ ಎಲ್ಲರಿಗಿಂತ ಕಠಿಣವಾಗಿ ಪರೀಕ್ಷೆಗೊಡ್ಡಿದ ವಿಶ್ವವಿದ್ಯಾಲಯದ ವಿದ್ಯಾರ್ಥಿಯೂ ಆಗಿದ್ದರು.

ಹಿನ್ನೆಲೆ ಮತ್ತು ಶಿಕ್ಷಣ

ಮೋಗ್ಲಿಂಗ್ ಜನಿಸಿದ್ದು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ರಾಜ್ಯದ ಬ್ರಾಕೆನ್‌ಹೈಮ್‌ನಲ್ಲಿ. ಆ ಪ್ರಾಂತ್ಯದ ಪ್ರಾಟೆಸ್ಟಂಟರಲ್ಲಿ ‘ಪಯಟಿಸ್ಟ್’ ಎಂಬ ಭಕ್ತಿಪಂಥ ಆಳವಾಗಿ ಬೇರೂರಿತ್ತು. ಮನೆಮನೆಯಲ್ಲಿ ಬೈಬಲ್ ಪಠಣ, ಸಣ್ಣ ಕೂಟಗಳಲ್ಲಿ ಪ್ರಾರ್ಥನೆ, ಸರಳ ನಡೆ ಅದರ ಲಕ್ಷಣಗಳು. ಈ ಪಂಥದ ಹಿರಿಯ ಗುರು ಯೊಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687–1752). ಅವರ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು, ಏಕೆಂದರೆ ಮೋಗ್ಲಿಂಗ್ ಅವರ ತಲೆಮಾರಿನವರಿಗೆ ಬೈಬಲ್ ದೊರೆತದ್ದು ಬೆಂಗೆಲ್ ಅವರ ಕೈಯಿಂದಲೇ.

1707ರಲ್ಲಿ ಇಂಗ್ಲೆಂಡಿನ ಜಾನ್ ಮಿಲ್ ಗ್ರೀಕ್ ಹೊಸ ಒಡಂಬಡಿಕೆಯ ಒಂದು ಆವೃತ್ತಿಯನ್ನು ಪ್ರಕಟಿಸಿ, ಹಸ್ತಪ್ರತಿಗಳಲ್ಲಿ ಕಂಡ ಸುಮಾರು 30,000 ಪಾಠಾಂತರಗಳನ್ನು ಅದರಲ್ಲಿ ತೋರಿಸಿದ್ದರು. ದೇವರು ಕೊಟ್ಟ ಗ್ರಂಥದಲ್ಲಿ ಇಷ್ಟೊಂದು ವ್ಯತ್ಯಾಸ ಹೇಗೆ ಎಂಬ ಪ್ರಶ್ನೆ ವಿದ್ಯಾರ್ಥಿ ಬೆಂಗೆಲ್ ಅವರನ್ನು ಕಾಡಿತು. ಗ್ರಂಥವನ್ನು ನಂಬುವವನು ಪ್ರತಿಗಳನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಹೋಲಿಸಿ ನೋಡಬೇಕು ಎಂಬುದು ಅವರು ಕಂಡುಕೊಂಡ ಉತ್ತರ. 1734ರಲ್ಲಿ ಅವರು ಹೊರತಂದ ಆವೃತ್ತಿಯು ಪಾಠಾಂತರಗಳನ್ನು ಯೋಗ್ಯತೆಗೆ ತಕ್ಕಂತೆ ವರ್ಗೀಕರಿಸಿತು. ಈ ವ್ಯತ್ಯಾಸಗಳಿಂದ ಧರ್ಮದ ಯಾವ ಮುಖ್ಯ ತತ್ತ್ವಕ್ಕೂ ಚ್ಯುತಿಯಿಲ್ಲ ಎಂಬ ಸಮಾಧಾನಕ್ಕೆ ಅವರು ಬಂದರು. ಇದೇ ಬೆಂಗೆಲ್ ಪ್ರಕಟನೆ ಗ್ರಂಥದ ಸಂಖ್ಯೆಗಳನ್ನು ಲೆಕ್ಕ ಹಾಕಿ, 18 ಜೂನ್ 1836ರಂದು ಕ್ರಿಸ್ತನ ಸಾವಿರ ವರ್ಷಗಳ ಆಳ್ವಿಕೆ ಆರಂಭವಾಗುವುದೆಂದೂ ಹೇಳಿದ್ದರು. ವುರ್ಟೆಂಬರ್ಗಿನ ಭಕ್ತರು ಆ ದಿನಕ್ಕಾಗಿ ಕಾದರು. ಅದು ಉಳಿದ ದಿನಗಳಂತೆಯೇ ಕಳೆದುಹೋಯಿತು. ಗ್ರಂಥ ನಿರ್ದೋಷವೆಂದು ನಂಬುವುದು ಒಂದು, ಅದನ್ನು ಓದುವವನ ಲೆಕ್ಕ ನಿರ್ದೋಷವೆಂದು ನಂಬುವುದು ಇನ್ನೊಂದು.

ಮೋಗ್ಲಿಂಗ್ ದೇವತಾಶಾಸ್ತ್ರ ಓದಿದ್ದು ಟ್ಯೂಬಿಂಗೆನ್‌ನಲ್ಲಿ. 1826ರಿಂದ ಅಲ್ಲಿ ಪ್ರಾಧ್ಯಾಪಕರಾಗಿದ್ದ ಎಫ್. ಸಿ. ಬಾವರ್ ಕ್ರೈಸ್ತ ಧರ್ಮದ ಆರಂಭಕಾಲವನ್ನು ಬೇರೆಲ್ಲ ಚರಿತ್ರೆಯಂತೆ ಆಧಾರಗಳ ಮೇಲೆ ವಿಮರ್ಶಿಸುತ್ತಿದ್ದರು. ಅವರ ಶಿಷ್ಯ ಡೇವಿಡ್ ಫ್ರೆಡ್ರಿಕ್ ಸ್ಟ್ರೌಸ್ 1832ರಿಂದ ಅಲ್ಲಿಯೇ ಬೋಧಕರಾಗಿದ್ದು, 1835–36ರಲ್ಲಿ ಯೇಸುವಿನ ಜೀವನವನ್ನು ಕುರಿತ ಎರಡು ಸಂಪುಟಗಳನ್ನು ಪ್ರಕಟಿಸಿದರು. ಮತ್ತಾಯನೂ ಲೂಕನೂ ಕೊಡುವ ವಂಶಾವಳಿಗಳು ಒಂದಕ್ಕೊಂದು ಹೊಂದುವುದಿಲ್ಲ ಎಂಬಂತಹ ಸಂಗತಿಗಳನ್ನು ಒಂದೊಂದಾಗಿ ಎತ್ತಿಕೊಂಡು, ಸುವಾರ್ತೆಗಳ ಬಹುಭಾಗ ಆರಂಭದ ಭಕ್ತಸಮುದಾಯದಲ್ಲಿ ಹುಟ್ಟಿದ ಪುರಾಣವೆಂದು ಅವರು ವಾದಿಸಿದರು. ಸ್ಟ್ರೌಸ್ ಕೆಲಸ ಕಳೆದುಕೊಂಡರು. ಆದರೆ ಅವರೆತ್ತಿದ ಪ್ರಶ್ನೆ ಉಳಿಯಿತು. ಮುಂದೆ ಮಲಯಾಳದ ನಿಘಂಟುಕಾರರಾಗಿ ಪ್ರಸಿದ್ಧರಾದ ಹರ್ಮನ್ ಗುಂಡರ್ಟ್ ಮೊದಲು ಸ್ಟ್ರೌಸ್ ಅವರ ಪ್ರಭಾವಕ್ಕೆ ಒಳಗಾಗಿ ಬಳಿಕ ಪಯಟಿಸ್ಟ್ ನಂಬಿಕೆಗೆ ಮರಳಿದವರು. ಮೋಗ್ಲಿಂಗ್ ಕೂಡ ವಿಮರ್ಶಕರ ದಾರಿ ಹಿಡಿಯದೆ ಬಾಸೆಲ್ ಮಿಷನ್ ಸೇರಿದರು. ಮಿಷನ್ನಿನ ಬಹುಪಾಲು ಪ್ರಚಾರಕರು ರೈತರು, ಕುಶಲಕರ್ಮಿಗಳ ಮಕ್ಕಳಾಗಿದ್ದಾಗ ವಿಶ್ವವಿದ್ಯಾಲಯದ ಪದವೀಧರರೊಬ್ಬರು ಸೇರಿದ್ದು ಅಪರೂಪದ ಸಂಗತಿ. ಬೆಂಗೆಲ್ ಗುರುತಿಸಿದ್ದ ಅದೇ 1836ರಲ್ಲಿ ಅವರು ಹಡಗಿನಲ್ಲಿ ಭಾರತಕ್ಕೆ ಬಂದರು.

ಮಂಗಳೂರಿನಲ್ಲಿ

ಸ್ಯಾಮುಯೆಲ್ ಹೇಬಿಕ್ ಮೊದಲಾದ ಮೂವರು 1834ರಲ್ಲಿಯೇ ಮಂಗಳೂರಿನಲ್ಲಿ ನೆಲೆ ಮಾಡಿದ್ದರು. ಮೋಗ್ಲಿಂಗ್ ಕೆಲಕಾಲ ಧಾರವಾಡದ ಕಡೆ ಇದ್ದು, ಅನಂತರ ಮಂಗಳೂರಿನಲ್ಲಿ ಉಪದೇಶಕರ ಶಾಲೆಯನ್ನು ಕಟ್ಟಿದರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂದಿತು. ಅದು ಪಾಕ್ಷಿಕ, ಬೆಲೆ ಒಂದು ದುಡ್ಡು. ಮರುವರ್ಷ ಅಚ್ಚಿನ ಕೆಲಸ ಬಳ್ಳಾರಿಗೆ ಹೋಯಿತು, ಹೆಸರು ‘ಕನ್ನಡ ಸಮಾಚಾರ’ವೆಂದಾಯಿತು. ಜುಲೈ 1 ಇಂದಿಗೂ ಕರ್ನಾಟಕದಲ್ಲಿ ಪತ್ರಿಕಾ ದಿನ.

1844ರಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಮೋಗ್ಲಿಂಗ್ ಅವರ ಪ್ರಭಾವದಿಂದ ದೀಕ್ಷಾಸ್ನಾನ ಪಡೆದು ಹರ್ಮನ್ ಎಂಬ ಹೆಸರಿಟ್ಟುಕೊಂಡಾಗ ಊರಿನಲ್ಲಿ ದೊಡ್ಡ ಕೋಲಾಹಲವಾಯಿತು. ಒಂದು ಶಾಸ್ತ್ರವನ್ನು ಬಿಟ್ಟು ಇನ್ನೊಂದನ್ನು ಪ್ರಮಾಣವೆಂದು ಒಪ್ಪುವುದರ ಬೆಲೆಯನ್ನು ಆ ಯುವಕನೂ ಅವನ ಮನೆಯವರೂ ತೆತ್ತರು. ಆ ನೋವಿನ ಲೆಕ್ಕ ಮಿಷನ್ ವರದಿಗಳಿಂದ ಪೂರ್ತಿಯಾಗಿ ತಿಳಿಯುವಂತಹುದಲ್ಲ.

ಸತ್ಯವೇದ ಮತ್ತು ಕನ್ನಡ

ಬೈಬಲನ್ನು ಮೊದಲು ಕನ್ನಡಕ್ಕೆ ತಂದವರು ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್. 1830ರ ದಶಕದ ಆರಂಭಕ್ಕೆ ಆ ಕಾರ್ಯ ಮುಗಿದಿತ್ತಾದರೂ ಭಾಷೆ ಪರಕೀಯವಾಗಿಯೇ ಇತ್ತು. ಅದನ್ನು ತಿದ್ದುವ ಹೊಣೆಯನ್ನು ಬಾಸೆಲ್ ಮಿಷನ್ನಿನಲ್ಲಿ ಮುಖ್ಯವಾಗಿ ಹೊತ್ತವರು ಮೋಗ್ಲಿಂಗ್ ಅವರ ಗೆಳೆಯ ಗಾಟ್‌ಫ್ರೀಡ್ ವೈಗ್ಲೆ. ಜಾನ್ ಬನ್ಯನ್ನನ ‘ಯಾತ್ರಿಕನ ಸಂಚಾರ’ದ ಕನ್ನಡ ರೂಪದಲ್ಲಿ ಇವರಿಬ್ಬರ ಕೈಯೂ ಇದೆ.

ಕನ್ನಡದಲ್ಲಿ ಆ ಗ್ರಂಥಕ್ಕೆ ನಿಂತ ಹೆಸರು ‘ಸತ್ಯವೇದ’. ವೇದವೆಂಬ ಮಾತಿಗೆ ಈ ನಾಡಿನಲ್ಲಿ ತನ್ನದೇ ತೂಕವಿದೆ. ಮೀಮಾಂಸಕರ ಮತದಲ್ಲಿ ವೇದ ಅಪೌರುಷೇಯ. ಕರ್ತೃವೇ ಇಲ್ಲದ್ದರಿಂದ ಕರ್ತೃವಿನ ದೋಷವೂ ಅದಕ್ಕಿಲ್ಲ. ಆ ಪ್ರಾಮಾಣ್ಯ ಶಬ್ದದಲ್ಲಿ, ಸ್ವರದಲ್ಲಿ ಇದೆ; ಆದ್ದರಿಂದ ಅದನ್ನು ಕಂಠಪಾಠದಲ್ಲಿ ಕಾಪಾಡಿದರು, ಅನುವಾದಕ್ಕೆ ಒಪ್ಪಿಸಲಿಲ್ಲ. ಪ್ರಾಟೆಸ್ಟಂಟರ ಗ್ರಂಥಕ್ಕೆ ಮೋಶೆ, ಯೆಶಾಯ, ಪೌಲ ಎಂಬ ಮಾನವ ಲೇಖಕರುಂಟು. ದೇವರು ಅವರ ಮೂಲಕ ಮಾತಾಡಿದನೆಂಬುದು ನಂಬಿಕೆ. ಅಲ್ಲಿ ಪ್ರಾಮಾಣ್ಯ ಅರ್ಥದಲ್ಲಿ ಇದೆಯೆಂದು ತಿಳಿದದ್ದರಿಂದಲೇ ಅದನ್ನು ಪ್ರತಿಯೊಂದು ಭಾಷೆಗೂ ತರಬೇಕಾಯಿತು. ತಂದೊಡನೆ ತೊಡಕು ಆರಂಭ. ಗ್ರೀಕಿನ ಲೋಗೋಸ್ ಕನ್ನಡದಲ್ಲಿ ‘ವಾಕ್ಯ’ವಾಗಬೇಕು; ‘ಪಾಪ’, ‘ಬಲಿ’, ‘ದೀಕ್ಷೆ’ ಎಂಬ ಪದಗಳು ದೇವಾಲಯದಿಂದಲೂ ಮಠದಿಂದಲೂ ಹಳೆಯ ಅರ್ಥಗಳನ್ನು ಹೊತ್ತು ಬರುತ್ತವೆ. ಮೂಲ ನಿರ್ದೋಷವೆಂದು ಎಷ್ಟು ಗಟ್ಟಿಯಾಗಿ ನಂಬಿದರೂ ತನ್ನ ಕನ್ನಡ ಸಾಲು ನಿರ್ದೋಷವೆಂದು ಯಾವ ಭಾಷಾಂತರಕಾರನೂ ಹೇಳಲಾರ. ವೈಗ್ಲೆ ಅವರಂಥವರು ವರ್ಷಗಟ್ಟಲೆ ತಿದ್ದುತ್ತ ಕುಳಿತದ್ದು ಇದಕ್ಕಾಗಿಯೇ. ಅವರು 1855ರಲ್ಲಿ ತೀರಿಕೊಂಡರು. ಅವರ ಪತ್ನಿ ಪೌಲಿನೆಯನ್ನು ಮೋಗ್ಲಿಂಗ್ ಮುಂದೆ ವಿವಾಹವಾದರು.

ಬಿಬ್ಲಿಯೊಥಿಕಾ ಕರ್ನಾಟಿಕಾ

1848ರಿಂದ 1853ರವರೆಗೆ ಮೋಗ್ಲಿಂಗ್ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ದಾಸರ ಪದಗಳು, ಬಸವಪುರಾಣ, ಚನ್ನಬಸವಪುರಾಣ ಮೊದಲಾದವನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದರು. ಖರ್ಚನ್ನು ವಹಿಸಿಕೊಂಡವರು ನೀಲಗಿರಿಯಲ್ಲಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್. ಒಂದೇ ಗ್ರಂಥ ಸತ್ಯವೆಂದು ಸಾರಲು ಬಂದವರು ಇತರರ ಪವಿತ್ರ ಕಾವ್ಯಗಳನ್ನು ಇಷ್ಟು ಶ್ರದ್ಧೆಯಿಂದ ಮುದ್ರಿಸಿದ್ದೇಕೆ ಎಂದು ಓದುಗರಿಗೆ ಅನ್ನಿಸಬಹುದು. ಜನರ ಮನಸ್ಸನ್ನು ಅರಿಯದೆ ಉಪದೇಶ ಸಾಗದು ಎಂಬ ಉದ್ದೇಶ ಅದರಲ್ಲಿತ್ತು. ಆದರೆ ಪ್ರಯೋಜನವನ್ನಷ್ಟೇ ಎಣಿಸುವವರು ದಾಸರ ಪದಗಳನ್ನು ಜರ್ಮನ್ ಪದ್ಯಕ್ಕೆ ತಿರುಗಿಸುತ್ತ ಕೂರುವುದಿಲ್ಲ. ಮೋಗ್ಲಿಂಗ್ ಅದನ್ನೂ ಮಾಡಿದರು. ಆ ಅನುವಾದಗಳು ಜರ್ಮನಿಯ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟವಾದವು.

ಕೊಡಗು

1853ರಲ್ಲಿ, ಊರಿಗೆ ಮರಳುವ ಯೋಚನೆಯಲ್ಲಿದ್ದಾಗ, ಕ್ರೈಸ್ತನಾಗಿದ್ದ ಕೊಡವ ಅಳಮಂಡ ಸ್ತೆಫಾನನ ಜೊತೆ ಅವರು ಕೊಡಗಿಗೆ ಹೋದರು. ಕೊಡಗನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1855ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಹೊಲೆಯ ಸಮುದಾಯದಿಂದ ಬಂದ ಕ್ರೈಸ್ತರಿಗಾಗಿ ಕೌಂಡಿನ್ಯರ ನೆರವಿನಿಂದ ಆನಂದಪುರವೆಂಬ ಹಳ್ಳಿ ಹುಟ್ಟಿಕೊಂಡಿತು.

ಕೊನೆಯ ವರ್ಷಗಳು

ಕನ್ನಡ ಸಾಹಿತ್ಯಸೇವೆಗಾಗಿ 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಆಗಲೂ ಬಾವರ್ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಮೋಗ್ಲಿಂಗ್ ಯಾವ ವಿಮರ್ಶಾ ಮಾರ್ಗವನ್ನು ಬಿಟ್ಟುಬಂದಿದ್ದರೋ ಅದಕ್ಕೆ ಹೆಸರಾದ ವಿದ್ಯಾಪೀಠವೇ ಅವರನ್ನು ಗೌರವಿಸಿತು. 1860ರಲ್ಲಿ ಅವರು ಭಾರತವನ್ನು ಬಿಟ್ಟರು. 1881ರ ಮೇ 10ರಂದು ಎಸ್ಲಿಂಗೆನ್‌ನಲ್ಲಿ ನಿಧನರಾದರು.

ಅದಕ್ಕೆ ಒಂದು ತಿಂಗಳ ಹಿಂದೆ, 1881ರ ಏಪ್ರಿಲ್‌ನಲ್ಲಿ, ಅಮೆರಿಕದ ಎ. ಎ. ಹಾಡ್ಜ್ ಮತ್ತು ಬಿ. ಬಿ. ವಾರ್‌ಫೀಲ್ಡ್ ದೈವಪ್ರೇರಣೆಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದ್ದರು. ನಿರ್ದೋಷತೆ ಸಲ್ಲುವುದು ಲೇಖಕರ ಸ್ವಹಸ್ತದ ಮೂಲಪ್ರತಿಗೆ ಎಂದು ಅವರು ಸ್ಪಷ್ಟಪಡಿಸಿದರು. 1978ರ ಶಿಕಾಗೋ ಹೇಳಿಕೆಯೂ ಇದೇ ನಿಲುವನ್ನು ತಳೆದು, ಪ್ರತಿಗಳೂ ಅನುವಾದಗಳೂ ಮೂಲಕ್ಕೆ ನಿಷ್ಠವಾಗಿರುವಷ್ಟರ ಮಟ್ಟಿಗೆ ದೇವರ ವಾಕ್ಯವೆಂದಿತು. ಆ ಮೂಲಪ್ರತಿಗಳು ಇಂದು ಎಲ್ಲಿಯೂ ಇಲ್ಲ. ಬೆಂಗೆಲ್ ಹೋಲಿಸಿದ್ದು ನಕಲುಗಳನ್ನು, ವೈಗ್ಲೆ ತಿದ್ದಿದ್ದು ಅನುವಾದವನ್ನು, ಮಂಗಳೂರಿನ ಭಕ್ತರು ಓದಿದ್ದು ಆ ತಿದ್ದುಪಡಿಯನ್ನು.

ಕನ್ನಡ ಸತ್ಯವೇದದ ಪರಿಷ್ಕರಣೆ ವೈಗ್ಲೆ ಅವರೊಂದಿಗೆ ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅದನ್ನು ಮುಂದುವರಿಸಿದವರಲ್ಲಿ ಪ್ರಮುಖರು. ಶಾಸನತಜ್ಞ ಬಿ. ಎಲ್. ರೈಸ್ ಅವರ ಮಗ. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚ್ ಬೆಂಜಮಿನ್ ರೈಸ್ ಅವರ ಹೆಸರಿನಲ್ಲಿದೆ.