ಪೇಟನ್ ರೌಸ್

ಒಂದು ಕೋಳಿಯ ಗೆಡ್ಡೆಯಿಂದ ವಿಜ್ಞಾನಲೋಕದಲ್ಲಿ ಹೆಸರಾದವರು ಪೇಟನ್ ರೌಸ್. ಇವರು 1879ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜನಿಸಿದರು. ಹನ್ನೊಂದನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ತಾಯಿಯ ಬಂಧುಗಳೆಲ್ಲ ದೂರದ ಟೆಕ್ಸಾಸಿನಲ್ಲಿದ್ದರು. ಆದರೂ ಮೂವರು ಮಕ್ಕಳ ವಿದ್ಯೆಗಾಗಿ ಆಕೆ ಬಾಲ್ಟಿಮೋರನ್ನು ಬಿಟ್ಟು ಕದಲಲಿಲ್ಲ. ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರಿಗೆ ಈ ತಾಯಿಯ ಹಟ ಚೆನ್ನಾಗಿ ಅರ್ಥವಾಗುತ್ತದೆ.

ವೈದ್ಯ ವಿದ್ಯಾರ್ಥಿಯಾಗಿದ್ದಾಗ ಶವಪರೀಕ್ಷೆಯಲ್ಲಿ ಕ್ಷಯ ತಗಲಿದ ಮೂಳೆ ಬೆರಳಿಗೆ ಗೀರಿ ರೌಸರಿಗೂ ಕ್ಷಯ ಅಂಟಿತು. ಒಂದು ವರ್ಷ ಟೆಕ್ಸಾಸಿನ ದನಗಾಹಿಗಳೊಡನೆ ಇದ್ದು ಚೇತರಿಸಿಕೊಂಡರು. 1909ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯನ್ನು ಸೇರಿದರು. ಅದೇ ವರ್ಷ ಎದೆಯಲ್ಲಿ ಗೆಡ್ಡೆ ಬೆಳೆದ ಕೋಳಿಯೊಂದು ಅವರ ಬಳಿಗೆ ಬಂದಿತು. ಗೆಡ್ಡೆಯನ್ನು ಅರೆದು, ಜೀವಕೋಶವಾಗಲಿ ಬ್ಯಾಕ್ಟೀರಿಯವಾಗಲಿ ನುಸುಳಲಾರದಂತೆ ಸೋಸಿ, ಆ ತಿಳಿರಸವನ್ನು ಬೇರೆ ಕೋಳಿಗಳಿಗೆ ಚುಚ್ಚಿದರು. ಅವಕ್ಕೂ ಅದೇ ಗೆಡ್ಡೆ ಹುಟ್ಟಿತು! ಕ್ಯಾನ್ಸರಿಗೆ ವೈರಸ್ ಕಾರಣವಾಗಬಲ್ಲದೆಂಬ ಈ ಸಂಗತಿ 1911ರಲ್ಲಿ ಪ್ರಕಟವಾದಾಗ ಹೆಚ್ಚಿನವರು ನಂಬಲಿಲ್ಲ. ಇಲಿಗಳಲ್ಲಿ ಮಾಡಿದ ಪ್ರಯತ್ನವೂ ಫಲಿಸದಿರಲು, ರೌಸರು 1915ರ ವೇಳೆಗೆ ಆ ಕೆಲಸವನ್ನೇ ಕೈಬಿಟ್ಟರು.

ಕೈ ಮಾತ್ರ ಸುಮ್ಮನಿರಲಿಲ್ಲ. ರಕ್ತವನ್ನು ಕೆಡದಂತೆ ಇಡುವ ದ್ರಾವಣವನ್ನು ಕಂಡುಹಿಡಿದರು. ಮೊದಲ ಮಹಾಯುದ್ಧದ ರಕ್ತನಿಧಿಗೆ ಅದೇ ಆಧಾರವಾಯಿತು. 1920ರಲ್ಲಿ ಮೊಲದ ಯಕೃತ್ತಿನ ಹೆಚ್ಚಿನ ಭಾಗಕ್ಕೆ ರಕ್ತ ತರುವ ಪೋರ್ಟಲ್ ನಾಳದ ಕವಲನ್ನು ಕಟ್ಟಿದರು. ಆ ಭಾಗ ಸೊರಗಿತು; ಉಳಿದ ಸಣ್ಣ ಹಾಲೆ ಬೆಳೆದು ಇಡೀ ಯಕೃತ್ತಿನ ಹೊರೆ ಹೊತ್ತಿತು. ಬೆಳೆ ಎಂದು ಅದಕ್ಕೆ ಹೇಳಿದವರಾರು? ಸಾಕು ಎಂದವರಾರು?

1966ರಲ್ಲಿ, 87ನೆಯ ವಯಸ್ಸಿನಲ್ಲಿ, ಕೋಳಿಯ ಗೆಡ್ಡೆಗೆ ನೊಬೆಲ್ ಬಹುಮಾನ ಬಂದಿತು. ಐವತ್ತೈದು ವರ್ಷ ಕಾಯಲು ಆಯುಸ್ಸೂ ಬೇಕು! 1970ರಲ್ಲಿ ರೌಸರು ಕಾಲವಾದರು.

ಆಮೇಲಿನ ಸಂಗತಿಗಳನ್ನು ಅವರು ಕಾಣಲಿಲ್ಲ. ಆ ವೈರಸ್ಸಿನಲ್ಲಿ ಕ್ಯಾನ್ಸರ್ ಹುಟ್ಟಿಸುವ ಜೀನಿಗೆ ಸಾರ್ಕ್ ಎಂದು ಹೆಸರು. ಅದರ ಮೂಲರೂಪ ಆರೋಗ್ಯವಂತ ಕೋಳಿಯ ಜೀವಕೋಶದಲ್ಲಿಯೇ ಇದೆಯೆಂದು 1976ರಲ್ಲಿ ಬಿಷಪ್, ವಾರ್ಮಸ್ ಮತ್ತು ಸಂಗಡಿಗರು ತೋರಿಸಿದರು. ಮನುಷ್ಯನಲ್ಲಿಯೂ ಅದುಂಟು, ಬೆಳೆಯಬೇಕೆಂಬ ಸಂಕೇತವನ್ನು ಜೀವಕೋಶದ ಒಳಕ್ಕೆ ಮುಟ್ಟಿಸುವ ಓಲೆಕಾರರಲ್ಲಿ ಸಾರ್ಕ್ ಪ್ರೋಟೀನೂ ಒಂದು. 1984ರಲ್ಲಿ ಜಪಾನಿನ ವಿಜ್ಞಾನಿಗಳು ಯಕೃತ್ತಿನ ಕೋಶಗಳನ್ನು ಬೆಳೆಸುವ ಪ್ರೋಟೀನೊಂದನ್ನು ಕಂಡರು. ಒತ್ತಾಗಿ ನಿಂತ ಕೋಶಗಳನ್ನು ಚದುರಿಸುವ ವಸ್ತುವೂ ಅದೇ ಎಂದು 1991ರಲ್ಲಿ ತಿಳಿಯಿತು! ಕೋಶದ ಹೊರಮೈಯಲ್ಲಿರುವ ಮೆಟ್ ಎಂಬ ಪ್ರೋಟೀನಿಗೆ ಅದು ಅಂಟಿದೊಡನೆ ಸಂಕೇತ ಒಳಸಾಗುತ್ತದೆ. ಗಾಯ ಮಾಯಬೇಕಾದರೆ ಇದು ವರ. ಯಕೃತ್ತಿನ ಕ್ಯಾನ್ಸರಿನಲ್ಲಿ ಈ ಸಂಕೇತ ಮಿತಿಮೀರಿದರೆ, ಕೋಶಗಳು ನೆರೆಯವರ ಹಿಡಿತ ಸಡಿಲಿಸಿ, ತೆವಳಿ ರಕ್ತನಾಳವನ್ನು ಹೊಕ್ಕು, ಶ್ವಾಸಕೋಶದವರೆಗೂ ಹರಡುತ್ತವೆ. ಮೆಟ್ಟನ್ನೂ ಇನ್ನು ಕೆಲವು ಗ್ರಾಹಕಗಳನ್ನೂ ತಡೆಯುವ ಕ್ಯಾಬೊಜಾಂಟಿನಿಬ್ ಎಂಬ ಔಷಧಕ್ಕೆ 2019ರಲ್ಲಿ ಅಮೆರಿಕದಲ್ಲಿ ಯಕೃತ್ತಿನ ಕ್ಯಾನ್ಸರಿಗಾಗಿ ಅನುಮತಿ ದೊರೆಯಿತು. ಅದು ರೋಗಿಗೆ ಕೆಲವು ತಿಂಗಳುಗಳನ್ನು ಗಳಿಸಿಕೊಡುತ್ತದೆ.