ಕ್ರಿಸ್ತಿಯಾನ್ ಹೈಗೆನ್ಸ್

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಚ್ಚಾದುದೆಲ್ಲವೂ ನಿಜವೆಂದು ನಂಬಿ ಬೆಳೆದವನು. ಆದುದರಿಂದ ಹೈಗೆನ್ಸನ ಚರಿತ್ರೆಯನ್ನು ಓದಿದಾಗ ನನಗೆ ಮೊದಲು ಸ್ವಲ್ಪ ಅಂಜಿಕೆಯೇ ಆಯಿತು.

1629ರ ಏಪ್ರಿಲ್ 14ರಂದು ಹಾಲೆಂಡಿನ ಹೇಗ್ ನಗರದಲ್ಲಿ ಆತ ಜನಿಸಿದ. ತಂದೆ ರಾಜಕಾರ್ಯ ನಿಪುಣ, ಕವಿ, ತತ್ತ್ವಜ್ಞಾನಿ ದೇಕಾರ್ತನ ಮಿತ್ರ. ಲೈಡನ್ನಿನಲ್ಲಿ ಗಣಿತ ಕಲಿಸಿದ ಗುರು ವಾನ್ ಸ್ಖೂಟೆನ್ ದೇಕಾರ್ತನ ರೇಖಾಗಣಿತವನ್ನು ಲ್ಯಾಟಿನ್ನಿಗೆ ತಂದವನು. ಮನೆಯಲ್ಲೂ ದೇಕಾರ್ತ, ಪಾಠದಲ್ಲೂ ದೇಕಾರ್ತ!

ದೇಕಾರ್ತ ತನ್ನ 1644ರ ಗ್ರಂಥದಲ್ಲಿ ವಸ್ತುಗಳ ಡಿಕ್ಕಿಗೆ ಏಳು ನಿಯಮಗಳನ್ನು ಹೇಳಿದ್ದ. ಅವುಗಳಲ್ಲಿ ಒಂದು ಹೀಗಿದೆ: ಸುಮ್ಮನೆ ನಿಂತ ಗುಂಡಿಗೆ ಅಷ್ಟೇ ತೂಕದ ಇನ್ನೊಂದು ಗುಂಡು ಬಡಿದರೆ, ಬಡಿದದ್ದು ತನ್ನ ವೇಗದ ನಾಲ್ಕು ಪಾಲಿನಲ್ಲಿ ಒಂದನ್ನು ಅದಕ್ಕೆ ಕೊಟ್ಟು, ಮೂರು ಪಾಲಿನೊಡನೆ ಹಿಂದಕ್ಕೆ ಚಿಮ್ಮುತ್ತದೆ. ಒಂದೂ ಮೂರೂ ನಾಲ್ಕು, ಲೆಕ್ಕವೇನೋ ಸರಿಹೋಯಿತು. ಆದರೆ ಗೋಲಿಯಾಡಿದ ಯಾವ ಹುಡುಗನೂ ಇದನ್ನು ಒಪ್ಪಲಾರ. ನೇರವಾಗಿ ತಾಗಿದ ಗೋಲಿ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ, ತಾಗಿಸಿಕೊಂಡದ್ದು ಓಡುತ್ತದೆ.

1652ರ ಸುಮಾರಿಗೆ, ಇಪ್ಪತ್ತಮೂರರ ಹರೆಯದಲ್ಲಿ, ಹೈಗೆನ್ಸನಿಗೆ ಈ ನಿಯಮಗಳಲ್ಲಿ ಸಂದೇಹ ಹುಟ್ಟಿತು. ಆತನ ಉಪಾಯ ನೋಡಿ: ಕಾಲುವೆಯಲ್ಲಿ ದೋಣಿಯೊಂದು ಸಾಗುತ್ತಿದೆ. ಅದರಲ್ಲಿರುವವನು ಎರಡು ಸಮಾನ ಗುಂಡುಗಳನ್ನು ಸಮವೇಗದಿಂದ ಎದುರುಬದುರು ಬಡಿಸುತ್ತಾನೆ. ಎರಡೂ ಅದೇ ವೇಗದಿಂದ ಹಿಂದಿರುಗುತ್ತವೆ. ದೋಣಿಯ ವೇಗವೂ ಅಷ್ಟೇ ಇದ್ದರೆ ದಡದಲ್ಲಿ ನಿಂತವನಿಗೆ ಕಾಣುವುದೇನು? ಒಂದು ಗುಂಡು ನಿಂತೇ ಇದೆ, ಮತ್ತೊಂದು ಇಮ್ಮಡಿ ವೇಗದಿಂದ ಬಂದು ಬಡಿದು ನಿಂತಿತು, ಮೊದಲಿನದು ಅದೇ ಇಮ್ಮಡಿ ವೇಗದಿಂದ ಹೊರಟಿತು. ನಮ್ಮ ಗೋಲಿಯೇ!

ದೇಕಾರ್ತ ದಿಕ್ಕನ್ನು ಲೆಕ್ಕಕ್ಕೆ ತಂದಿರಲಿಲ್ಲ. ಎದುರು ದಿಕ್ಕಿನ ಚಲನೆಯನ್ನು ಕಳೆದರೆ ಉಳಿಯುವ ಮೊತ್ತ ಡಿಕ್ಕಿಯ ಮೊದಲೂ ಅನಂತರವೂ ಒಂದೇ ಎಂಬುದು ಹೈಗೆನ್ಸನ ನಿರ್ಣಯ. ಹೈಸ್ಕೂಲಿನಲ್ಲಿ ನಾವು ಉರು ಹೊಡೆದ ಸಂವೇಗ ಸಂರಕ್ಷಣೆ ಇದೇ. ಪಾಠ ಹೇಳಿದವರು ದೋಣಿಯ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ನಾನೂ ಬಿ.ಎಸ್‌ಸಿ.ಗೆ ಸೇರುತ್ತಿದ್ದೆನೋ ಏನೋ.

1656ರ ಹೊತ್ತಿಗೆ ಬರಹ ಬಹುಮಟ್ಟಿಗೆ ಸಿದ್ಧವಾದರೂ ಅದು ಪೆಟ್ಟಿಗೆಯಲ್ಲೇ ಉಳಿಯಿತು. ಲಂಡನ್ನಿನ ರಾಯಲ್ ಸೊಸೈಟಿ ಕೇಳಿದ್ದಕ್ಕೆ ಕಳುಹಿಸಿದರೆ, 1669ರಲ್ಲಿ ಅದರ ಪತ್ರಿಕೆ ವಾಲಿಸ್, ರೆನ್ ಇವರ ಲೇಖನಗಳನ್ನು ಅಚ್ಚುಮಾಡಿ ಈತನದನ್ನು ಬಿಟ್ಟಿತು. ನೊಂದ ಹೈಗೆನ್ಸ್ ಪ್ಯಾರಿಸಿನ ಪತ್ರಿಕೆಯಲ್ಲಿ ತನ್ನ ನಿಯಮಗಳನ್ನು ಪ್ರಕಟಿಸಿದ.

ಶನಿಯ ಉಪಗ್ರಹ ಟೈಟನ್, ಲೋಲಕದ ಗಡಿಯಾರ, ಬೆಳಕಿನ ಅಲೆಗಳು—ಇವನ್ನು ಬಲ್ಲವರು ಅನೇಕರು. ಕಾಯಿಲೆಯಿಂದ 1681ರಲ್ಲಿ ಪ್ಯಾರಿಸ್ ಬಿಟ್ಟು ಹೇಗ್‌ಗೆ ಹಿಂದಿರುಗಿದ ಆತ 1695ರ ಜುಲೈ 8ರಂದು ಅಲ್ಲಿಯೇ ತೀರಿಕೊಂಡ. ಡಿಕ್ಕಿಯ ಗ್ರಂಥ ಅಚ್ಚಾದದ್ದು 1703ರಲ್ಲಿ.